ಬೆಳಕು ಬೇಕು, ಕಣ್ಣು ಬೇಡ

ಉರ್ದು ಶಾಲೆಯಲ್ಲಿ ಓದಿದವರಿಗೆ ಮೈಖಾನ ಹೊಸದಲ್ಲ. ಹತ್ತು ಹನ್ನೆರಡರ ವಯಸ್ಸಿಗೇ ನಾವು ಗಜಲ್‌ಗಳ ದಾರಿಯಲ್ಲಿ ಅಲ್ಲಿಗೆ ಹೋಗಿ ಬಂದವರು. ಸಾಕಿ, ಜಾಮ್, ಪೈಮಾನ, ಸುರಾಹಿ ಎಂಬ ಪದಗಳನ್ನೆಲ್ಲ ನಮಗೆ ಬಿಡಿಸಿ ಹೇಳಿದವರು ಮದ್ಯದ ವಾಸನೆಯನ್ನೂ ಕಂಡರಿಯದ ಮೇಷ್ಟ್ರು. 1934ರಲ್ಲಿ ತೀರಿಕೊಂಡ ಕವಿ ರಿಯಾಜ್ ಖೈರಾಬಾದಿ ಮದ್ಯದ ಮೇಲೆ ಅಷ್ಟೊಂದು ಶೇರ್‌ಗಳನ್ನು ಬರೆದರೂ ಜೀವಮಾನದಲ್ಲಿ ಒಂದು ಗುಟುಕೂ ಕುಡಿದವರಲ್ಲ ಎಂಬ ಮಾತು ಉರ್ದು ಓದುಗರಲ್ಲಿ ಇಂದಿಗೂ ಇದೆ. ಹೀಗಾಗಿ ನಮಗೆ ಮೈಖಾನ ಎಂದರೆ ಒಂದು ಭಾವ. ಅದಕ್ಕೊಂದು ಬಾಗಿಲಿದೆ, ಆ ಬಾಗಿಲಲ್ಲಿ ಕಾಯುವವರಿದ್ದಾರೆ, ಅಷ್ಟೆ. ಗೋಡೆ ಯಾವುದರದು, ಕಿಟಕಿ ಯಾವ ದಿಕ್ಕಿಗೆ, ಒಳಗೆ ಯಾರು ಎಲ್ಲಿ ಕೂರುತ್ತಾರೆ ಎಂದು ಯಾವ ಕವಿಯೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಈ ಪ್ರಶ್ನೆಗಳೆಲ್ಲ ನನಗೆ ಒಟ್ಟಿಗೆ ಎದುರಾದದ್ದು ಬೆಲ್‌ಫಾಸ್ಟ್ ನಗರದ ಒಂದು ಬೀದಿಯಲ್ಲಿ. ಉತ್ತರ ಐರ್ಲೆಂಡಿನ ಆ ಊರಿನಲ್ಲಿ ತಂಗಿಯ ಮಗ ಓದುತ್ತಿದ್ದ. ಅವನನ್ನು ನೋಡಲು ಹೋದವನು ಒಂದು ಬೆಳಿಗ್ಗೆ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ನಡೆಯುತ್ತಿದ್ದಾಗ ಒಂದು ಕಟ್ಟಡದ ಮುಂದೆ ಕಾಲು ತಾನಾಗಿ ನಿಂತಿತು. ನೆಲದಿಂದ ಮೇಲಕ್ಕೆ ಬಣ್ಣಬಣ್ಣದ ಮೆರುಗಿನ ಟೈಲ್ಸ್, ಗೋಡೆಗೆ ಅಂಟಿದ ಅರೆಗಂಬಗಳು, ಕಂಬಗಳ ಮೇಲೆ ನಿಂತ ಮುಖಮಂಟಪ, ಚಿತ್ರ ಬಿಡಿಸಿದ ಗಾಜಿನ ದೊಡ್ಡ ಕಿಟಕಿಗಳು. ನಾಟಕಶಾಲೆಯೋ ಅರಮನೆಯ ತುಂಡೋ ಎಂದುಕೊಂಡೆ.

"ಇದು ಶರಾಬ್‌ಖಾನಾ, ಮಾಮು" ಎಂದ ಹುಡುಗ, ನನ್ನ ಮುಖ ನೋಡುತ್ತಾ.

"ಕುಡಿಯೋದು ಹರಾಮ್. ಗೋಡೆ ನೋಡೋದೂ ಹರಾಮೇನೋ?"

ಅವನು ನಕ್ಕ. ಇಬ್ಬರೂ ಒಳಗೆ ಹೋದೆವು. ಶುಂಠಿ ಸೋಡಾ ತರಿಸಿಕೊಂಡು ಒಂದೂವರೆ ಗಂಟೆ ಕೂತೆವು. ಆ ಕಟ್ಟಡದ ಹೆಸರು ಕ್ರೌನ್ ಲಿಕ್ಕರ್ ಸಲೂನ್. ವಿಕ್ಟೋರಿಯಾ ರಾಣಿಯ ಕಾಲದ ಮದ್ಯದ ಮನೆಗಳಲ್ಲಿ ಇಷ್ಟು ಪೂರ್ಣವಾಗಿ ಉಳಿದುಬಂದವು ಕಡಿಮೆ. ಅದನ್ನು ಹೊಗಳಿದ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಅನ್ನಿಸಿದ್ದು ಬೇರೆ. ಈ ಕಟ್ಟಡವನ್ನು ಅದರ ಅಲಂಕಾರದಿಂದ ಓದಿದರೆ ಅರ್ಧವೂ ತಿಳಿಯುವುದಿಲ್ಲ, ಅದು ಏನನ್ನು ಮರೆಮಾಡುತ್ತದೆ ಎಂಬುದರಿಂದ ಓದಬೇಕು.

*

ಮೊದಲು ಅದರ ಚರಿತ್ರೆ. ಈ ಜಾಗದಲ್ಲಿ ಮುಂಚೆ ಇದ್ದದ್ದು ರೈಲ್ವೇ ಟ್ಯಾವರ್ನ್ ಎಂಬ ಸಾಧಾರಣ ಮದ್ಯದಂಗಡಿ. ಎದುರಿಗೆ 1839ರಲ್ಲಿ ಶುರುವಾದ ರೈಲು ನಿಲ್ದಾಣವಿತ್ತು, ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಪ್ಯಾಟ್ರಿಕ್ ಫ್ಲಾನಗನ್ ಎಂಬ ಕ್ಯಾಥೊಲಿಕ್ ಮಾಲೀಕ 1885ರಲ್ಲಿ ಅದಕ್ಕೆ 'ಕ್ರೌನ್', ಅಂದರೆ ಕಿರೀಟ ಎಂದು ಹೆಸರಿಟ್ಟು ಹೊಸದಾಗಿ ಕಟ್ಟಿಸತೊಡಗಿದ. 1898ರ ಹೊತ್ತಿಗೆ ಅದಕ್ಕೆ ಇಂದಿನ ರೂಪ ಬಂತು. ಆ ನಡುವೆ, 1888ರಲ್ಲಿ, ಬೆಲ್‌ಫಾಸ್ಟಿಗೆ ಮಹಾನಗರದ ಸ್ಥಾನ ಸಿಕ್ಕಿತ್ತು. ಹಡಗು ಕಟ್ಟುವ ಕಾರ್ಖಾನೆಗಳು, ಲಿನನ್ ಬಟ್ಟೆಯ ಗಿರಣಿಗಳು ಹಗಲಿರುಳು ನಡೆಯುತ್ತಿದ್ದ ಊರು ಅದು.

ಇಂಗ್ಲೆಂಡಿನಲ್ಲೂ ಅದೇ ಹತ್ತು ವರ್ಷಗಳಲ್ಲಿ ಮದ್ಯದ ಮನೆಗಳಿಗೆ ಹುಚ್ಚು ಹಣ ಸುರಿಯಲಾಯಿತು. ಲಂಡನ್ನಿನ ಹೋಬರ್ನ್ ಭಾಗದ ಪ್ರಿನ್ಸೆಸ್ ಲೂಯಿಸ್ ತನ್ನ ಒಳಾಂಗಣವನ್ನು ಪಡೆದದ್ದು 1891ರಲ್ಲಿ. ಲಿವರ್‌ಪೂಲಿನ ಫಿಲ್ಹಾರ್ಮೋನಿಕ್ ಡೈನಿಂಗ್ ರೂಮ್ಸ್ ಕಟ್ಟಿದ್ದು 1898ರಿಂದ 1900ರ ನಡುವೆ. ಅಲ್ಲಿ ಗಂಡಸರ ಮೂತ್ರಾಲಯಕ್ಕೂ ಗುಲಾಬಿ ಬಣ್ಣದ ಅಮೃತಶಿಲೆ ಹಾಕಿದ್ದಾರೆ. ಆ ಕಟ್ಟಡವನ್ನು ಬ್ರಿಟನ್ ಸರಕಾರ 2020ರಲ್ಲಿ ಪಾರಂಪರಿಕ ಕಟ್ಟಡಗಳ ಪೈಕಿ ಅತ್ಯುನ್ನತ ದರ್ಜೆಗೆ ಏರಿಸಿತು.

ಇಷ್ಟೊಂದು ವೈಭವ ಯಾಕೆ? ಮದ್ಯ ಮಾರಲು ಎಂಬುದು ಸುಲಭದ ಉತ್ತರ. ಆದರೆ ಬಾಯಾರಿದವನಿಗೆ ಮದ್ಯ ಮಾರಲು ಅಮೃತಶಿಲೆ ಬೇಕಾಗಿಲ್ಲ. 1820ರ ದಶಕದ ಕೊನೆಯಿಂದಲೇ ಲಂಡನ್ನಿನಲ್ಲಿ 'ಜಿನ್ ಅರಮನೆ'ಗಳು ತಲೆಯೆತ್ತಿದ್ದವು. ಕೊಳಕು ಗಲ್ಲಿಯ ನಡುವೆ ದೀಪ, ಗಾಜು, ಚಿನ್ನದ ಅಕ್ಷರಗಳಿಂದ ಝಗಝಗಿಸುವ ಈ ಅಂಗಡಿಗಳ ಬಗ್ಗೆ ಚಾರ್ಲ್ಸ್ ಡಿಕನ್ಸ್ 1835ರಲ್ಲಿಯೇ ಬರೆದಿದ್ದ. ಕುಡಿತವನ್ನು ಬೈಯುವವರು ಮೊದಲು ಬಡತನವನ್ನು, ಕೊಳಕು ಮನೆಗಳನ್ನು ನೋಡಲಿ ಎಂಬುದು ಅವನ ವಾದ. ಬಡವನ ಕೋಣೆಯಲ್ಲಿ ಇಲ್ಲದ ಮೂರು ಸಂಗತಿಗಳನ್ನು ಈ ಅಂಗಡಿ ಕೊಡುತ್ತಿತ್ತು: ಬೆಳಕು, ಬೆಚ್ಚಗೆ, ಜಾಗ. ಕ್ರೌನ್‌ನ ಉದ್ದನೆಯ ಕಟ್ಟೆಯ ಕೆಳಗೆ ನಿಂತು ಕುಡಿಯುವವರ ಪಾದಕ್ಕೆಂದೇ ಬಿಸಿ ಮಾಡಿದ ಕಾಲುಪಟ್ಟಿಯ ಏರ್ಪಾಡು ಮಾಡಿದ್ದರು. ಅದೇ ಊರಿನ ಲಿನನ್ ಗಿರಣಿಗಳಲ್ಲಿ ಹೆಂಗಸರೂ ಮಕ್ಕಳೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೂಲು ತೆಗೆಯುತ್ತಿದ್ದರು. ಈ ಎರಡು ನೆಲಗಳನ್ನು ಒಟ್ಟಿಗಿಟ್ಟು ನೋಡದೆ ಆ ಟೈಲ್ಸ್‌ಗಳ ಸೊಬಗನ್ನು ಹೊಗಳುವುದು ನನಗೆ ಕಷ್ಟ. ದುಡಿಯುವವರ ಕೂಲಿಯ ಒಂದು ಪಾಲು ಸಂಜೆ ಈ ಕಟ್ಟೆಯ ಮೇಲೆ ಬೀಳುತ್ತಿತ್ತು. ಆ ಚಿಲ್ಲರೆ ಹಣವೇ ಕರಗಿ ಗಾಜಾಗಿ, ಮರದ ಕೆತ್ತನೆಯಾಗಿ ನಿಂತಿದೆ.

*

ಇನ್ನು ಒಳಗಿನ ವಿನ್ಯಾಸ. ಪಬ್ ಎಂಬ ಚಿಕ್ಕ ಪದದ ಪೂರ್ಣರೂಪ ಪಬ್ಲಿಕ್ ಹೌಸ್. ಕನ್ನಡದಲ್ಲಿ ಹೇಳುವುದಾದರೆ ಸಾರ್ವಜನಿಕರ ಮನೆ. ಈ ಹೆಸರಿನಲ್ಲೇ ಒಂದು ಜಗಳವಿದೆ. ಸಾರ್ವಜನಿಕ ಎಂದರೆ ಯಾರು ಬೇಕಾದರೂ ಬರಬಹುದು, ಯಾರು ಬೇಕಾದರೂ ನೋಡಬಹುದು. ಮನೆ ಎಂದರೆ ಹೊರಗಿನವರ ಕಣ್ಣು ಬೀಳದ ಜಾಗ. ಒಂದೇ ಕಟ್ಟಡ ಎರಡೂ ಆಗಬೇಕು. ವಿಕ್ಟೋರಿಯನ್ ಕುಶಲಕರ್ಮಿಗಳು ಈ ಜಗಳವನ್ನು ಬಿಡಿಸಿದ ರೀತಿಯೇ ಈ ಕಟ್ಟಡಗಳ ನಿಜವಾದ ವಾಸ್ತುಶಿಲ್ಪ. ಉಳಿದದ್ದೆಲ್ಲ ಒಡವೆ.

ಅವರ ಮುಖ್ಯ ಸಾಧನ ಗಾಜು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾಯಿತು, ಕಿಟಕಿಗಳ ಮೇಲಿನ ತೆರಿಗೆ 1851ರಲ್ಲಿ ಹೋಯಿತು. ದೊಡ್ಡ ಗಾಜಿನ ಹಲಗೆ ಅಂಗಡಿಕಾರರ ಕೈಗೆಟುಕಿತು. ಬಟ್ಟೆ ಅಂಗಡಿಯವನು ಗಾಜು ಹಾಕಿಸಿದ್ದು ಒಳಗಿನ ಸರಕು ಬೀದಿಗೆ ಕಾಣಲಿ ಎಂದು. ಮದ್ಯದ ಮನೆಯವನಿಗೆ ಬೇಕಾದದ್ದು ಅದರ ಉಲ್ಟಾ. ಆದ್ದರಿಂದ ಅವನು ಗಾಜನ್ನು ಆಮ್ಲದಿಂದ ಕೊರೆಸಿದ, ಉಜ್ಜಿಸಿ ಮಬ್ಬು ಮಾಡಿಸಿದ, ಬಣ್ಣದ ಚಿತ್ರ ಬರೆಸಿದ. ಕ್ರೌನ್‌ನ ಕಿಟಕಿಗಳಲ್ಲಿ ಅನಾನಸ್ ಹಣ್ಣುಗಳಿವೆ, ಕಿನ್ನರಿಯರಿದ್ದಾರೆ, ವಿದೂಷಕರಿದ್ದಾರೆ. ಚಿತ್ರಗಳು ಚೆಂದವಿವೆ. ಆದರೆ ಅವು ಅಲ್ಲಿರುವುದು ಚೆಂದಕ್ಕೆ ಮಾತ್ರವಲ್ಲ. ಅವುಗಳ ಮೂಲಕ ಬೆಳಕು ಒಳಗೆ ಬರುತ್ತದೆ, ಬೀದಿಯ ಕಣ್ಣು ಬರುವುದಿಲ್ಲ. ರಾತ್ರಿ ಒಳಗಿನ ಗ್ಯಾಸ್ ದೀಪದಿಂದ ಇಡೀ ಕಿಟಕಿ ಹೊಳೆದು ದಾರಿಹೋಕನನ್ನು ಕರೆಯುತ್ತದೆ, ಒಳಗೆ ಯಾರಿದ್ದಾರೆ ಎಂದು ಮಾತ್ರ ಹೇಳುವುದಿಲ್ಲ.

ಎರಡನೆಯ ಸಾಧನ ಮರದ ಅಡ್ಡಗೋಡೆ. ಕ್ರೌನ್‌ನಲ್ಲಿ ಒಂದು ಬದಿಗೆ ಕೆಂಪು ಗ್ರಾನೈಟ್ ಹಾಸಿನ ಉದ್ದನೆಯ ಕಟ್ಟೆ, ಅದರ ಹಿಂದೆ ಪೀಪಾಯಿಗಳು, ಕನ್ನಡಿಗಳು. ಇನ್ನೊಂದು ಬದಿಗೆ 'ಸ್ನಗ್' ಎಂದು ಕರೆಯುವ ಹತ್ತು ಗೂಡುಗಳು. ಒಂದೊಂದಕ್ಕೂ ಎ ಯಿಂದ ಜೆ ವರೆಗೆ ಒಂದೊಂದು ಅಕ್ಷರ. ಕೆತ್ತಿದ ಮರದ ಗೋಡೆ, ಮೇಲೆ ಬಣ್ಣದ ಗಾಜು, ಒಂದು ಬಾಗಿಲು. ಒಳಗೆ ಎದುರುಬದುರು ಬೆಂಚು, ನಡುವೆ ಮೇಜು. ಗೋಡೆಯಲ್ಲಿ ಬೆಂಕಿಕಡ್ಡಿ ಗೀರಲು ಲೋಹದ ಒಂದು ಪಟ್ಟಿ, ಮಾಣಿಯನ್ನು ಕರೆಯಲು ಗಂಟೆಯ ಗುಂಡಿ. ಯಾವ ಗೂಡಿನಿಂದ ಕರೆ ಬಂತು ಎಂದು ಹೊರಗಿನ ಹಲಗೆಯಲ್ಲಿ ಗೊತ್ತಾಗುತ್ತಿತ್ತು. ಶ್ರೀಮಂತರ ಮನೆಗಳಲ್ಲಿ ಆಳುಗಳನ್ನು ಕರೆಯಲು ಇದ್ದ ವ್ಯವಸ್ಥೆಯೇ ಇದು. ಬಾಗಿಲು ಹಾಕಿಕೊಂಡು ಕೂತವನಿಗೆ ಎದ್ದು ಹೊರಗೆ ಬಂದು ಮುಖ ತೋರಿಸುವ ಪ್ರಮೇಯವೇ ಬರುವುದಿಲ್ಲ. ಬೆಂಕಿಪಟ್ಟಿಯನ್ನೂ ಮರೆಯದೆ ಯೋಚಿಸಿದ ಆ ಬಡಗಿಗೆ ಮನುಷ್ಯರ ಸಂಕೋಚದ ಬಗ್ಗೆ ಎಷ್ಟು ತಿಳಿದಿತ್ತು!

ಲಂಡನ್ನಿನಲ್ಲಿ ಇದು ಇನ್ನೂ ಸೂಕ್ಷ್ಮವಾಯಿತು. ಮೇಡಾ ವೇಲ್ ಬಡಾವಣೆಯ ಪ್ರಿನ್ಸ್ ಆಲ್‌ಫ್ರೆಡ್‌ನಲ್ಲಿ ಕಟ್ಟೆಯ ಸುತ್ತ ವಿಭಾಗಗಳಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಸೊಂಟ ಬಗ್ಗಿಸಬೇಕಾದ ಗಿಡ್ಡ ಬಾಗಿಲುಗಳು. ಕಟ್ಟೆಯ ಮೇಲೆ ಮುಖದ ಎತ್ತರಕ್ಕೆ ತಿರುಗಿಸಿ ಮುಚ್ಚಬಹುದಾದ ಪುಟ್ಟ ಗಾಜಿನ ಫಲಕಗಳು. ಇವುಗಳಿಗೆ 'ಸ್ನಾಬ್ ಸ್ಕ್ರೀನ್' ಎಂದು ಹೆಸರು, ದೊಡ್ಡಸ್ತಿಕೆಯ ಪರದೆ ಎನ್ನಬಹುದು. ಫಲಕ ತೆರೆದು ಬೇಕಾದದ್ದು ಹೇಳುವುದು, ಲೋಟ ಬಂದ ಮೇಲೆ ಮುಚ್ಚಿಕೊಳ್ಳುವುದು. ಆಚೆ ಬದಿಯಲ್ಲಿ ಕುಡಿಯುತ್ತಿರುವ ತನ್ನದೇ ಗುಮಾಸ್ತನ ಕಣ್ಣಿಗೆ ಸಾಹೇಬ ಬೀಳುವುದಿಲ್ಲ. ಸುರಿಯುವ ಪೀಪಾಯಿ ಒಂದೇ, ಕಟ್ಟೆ ಒಂದೇ. ಆದರೆ ಸಾಹೇಬರ ಬದಿಯಲ್ಲಿ ಬೆಲೆ ಒಂದಿಷ್ಟು ಹೆಚ್ಚು. ಆ ಹೆಚ್ಚಿನ ಕಾಸು ಮದ್ಯಕ್ಕಲ್ಲ, ಮರೆಗೆ.

*

ಈ ಗೂಡುಗಳಲ್ಲಿ ಯಾರು ಕೂರುತ್ತಿದ್ದರು? ಐರ್ಲೆಂಡಿನಲ್ಲಿ ಯಾರನ್ನು ಕೇಳಿದರೂ ಮೂರು ಹೆಸರು ಹೇಳುತ್ತಾರೆ: ಹೆಂಗಸರು, ಪಾದ್ರಿಗಳು, ಪೊಲೀಸರು. ಮೂವರಿಗೂ ಒಂದೇ ಕಷ್ಟ, ಕುಡಿಯುವಾಗ ಊರಿನ ಕಣ್ಣಿಗೆ ಬೀಳಬಾರದು. ಆದರೆ ಮೂವರ ಸ್ಥಿತಿ ಒಂದೇ ಅಲ್ಲ. ಪಾದ್ರಿ, ಪೊಲೀಸ್ ಅಡಗಿದ್ದು ತಮ್ಮ ಅಧಿಕಾರ ಉಳಿಸಿಕೊಳ್ಳಲು. ಹೆಂಗಸು ಅಡಗಿದ್ದು ಅಧಿಕಾರವೇ ಇಲ್ಲದ್ದಕ್ಕೆ. ಕಟ್ಟೆಯ ಬಳಿ ನಿಂತ ಗಂಡಸನ್ನು ಕುಡುಕ ಎಂದಷ್ಟೇ ಕರೆಯುವ ಊರು ಅದೇ ಜಾಗದಲ್ಲಿ ನಿಂತ ಹೆಂಗಸಿಗೆ ಇಡುವ ಹೆಸರೇ ಬೇರೆ. ಹಾಗಾಗಿ ಇಡೀ ದಿನ ದುಡಿದ ಹೆಣ್ಣು ಒಂದು ಗಳಿಗೆ ಗೆಳತಿಯರ ಜೊತೆ ಬೆಚ್ಚಗೆ ಕೂರಬೇಕೆಂದರೆ ಇದ್ದದ್ದು ಈ ಮರದ ಪೆಟ್ಟಿಗೆ ಒಂದೇ.

ಇಲ್ಲಿ ನನಗೆ ನಮ್ಮ ಉರ್ದು ಕಾವ್ಯದ ಇನ್ನೊಂದು ವಸ್ತು ನೆನಪಾಯಿತು, ಚಿಲಮನ್. ಬಿದಿರಿನ ಕಡ್ಡಿಗಳ ಪರದೆ. ಬೆಳಕನ್ನು ಬಿಟ್ಟು ನೋಟವನ್ನು ತಡೆಯುವ ಅದರ ಮೇಲೆ ಕವಿಗಳು ಸಾವಿರ ಶೇರ್ ಕಟ್ಟಿದ್ದಾರೆ. ಮುಷಾಯಿರಾಗಳಲ್ಲಿ ಚಿಲಮನ್ ಎಂಬ ಪದ ಬಂದರೆ ಸಾಕು, ವಾಹ್ ವಾಹ್ ಶುರು. ನನ್ನ ನಾನಿ ಅಂಥ ಒಂದು ಪರದೆಯ ಹಿಂದೆ ಮಧ್ಯಾಹ್ನಗಳನ್ನು ಕಳೆದವಳು. ಅವಳಿಗೆ ಅಲ್ಲಿಂದ ಬೀದಿ ಕಾಣುತ್ತಿತ್ತು, ಗಾಳಿ ಬರುತ್ತಿತ್ತು, ತರಕಾರಿಯವನ ಜೊತೆ ಚೌಕಾಸಿಯೂ ಸಾಗುತ್ತಿತ್ತು. ಅದು ಅವಳ ನೆಮ್ಮದಿಯ ಜಾಗ, ಅವಳ ಗಡಿಯೂ ಅದೇ. ಅವಳು ಅದನ್ನು ಹೊಗಳಿದ್ದನ್ನು ನಾನು ಕೇಳಿಲ್ಲ, ತೆಗಳಿದ್ದನ್ನೂ ಕೇಳಿಲ್ಲ. ಚಿಲಮನ್‌ನ ಸೊಬಗನ್ನು ಹಾಡಿದವರು ಅದರ ಹಿಂದೆ ಕೂತವರಲ್ಲ.

ಕ್ರೌನ್‌ನ ಗೂಡುಗಳನ್ನು 'ಎಷ್ಟು ಆಪ್ತ, ಎಷ್ಟು ಹಿತ' ಎಂದು ಬರೆಯುವ ಪ್ರವಾಸಿ ಪುಸ್ತಕಗಳ ಬಗ್ಗೆಯೂ ನನ್ನ ತಕರಾರು ಇದೇ. ಹಿತ ನಿಜ. ಆದರೆ ಆ ಹಿತ ಯಾಕೆ ಬೇಕಾಯಿತು ಎಂದು ಕೇಳಬೇಡವೇ? ಗೂಡು ಕೊಟ್ಟದ್ದು ಸ್ವಾತಂತ್ರ್ಯವಲ್ಲ, ರಿಯಾಯಿತಿ. 'ನೀನು ಇಲ್ಲಿ ಇರಬಹುದು, ಇರುವುದು ಕಾಣದಂತೆ ಇದ್ದರೆ' ಎಂಬ ಷರತ್ತಿನ ಮೇಲೆ ಕೊಟ್ಟ ರಿಯಾಯಿತಿ. ಆ ಷರತ್ತಿಗೆ ಇಷ್ಟು ಚೆಂದದ ಕೆತ್ತನೆ ಮಾಡಿದರೆ ಅದು ಷರತ್ತು ಎಂಬುದೇ ಮರೆತುಹೋಗುತ್ತದೆ.

*

ಕ್ರೌನ್‌ನ ಅಲಂಕಾರದ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಆ ಕಾಲದಲ್ಲಿ ಐರ್ಲೆಂಡಿನಲ್ಲಿ ಹೊಸ ಕ್ಯಾಥೊಲಿಕ್ ಚರ್ಚುಗಳನ್ನು ಕಟ್ಟಲು ಇಟಲಿಯಿಂದ ಕುಶಲಕರ್ಮಿಗಳು ಬಂದಿದ್ದರಂತೆ. ಹಗಲು ದೇವರ ಮನೆ ಕೆತ್ತಿದವರನ್ನು ಸಂಜೆಯ ಮೇಲೆ ಫ್ಲಾನಗನ್ ತನ್ನ ಮದ್ಯದ ಮನೆಗೆ ಕರೆಸಿಕೊಂಡನಂತೆ. ಇದನ್ನು ಕಥೆ ಎಂದೇ ಇಟ್ಟುಕೊಳ್ಳೋಣ, ಯಾಕೆಂದರೆ ಟೈಲ್ಸ್ ಮಾಡಿಕೊಟ್ಟದ್ದು ಇಂಗ್ಲೆಂಡಿನ ಕ್ರೇವನ್ ಡನ್ನಿಲ್ ಕಂಪನಿ. ಆದರೂ ಕಟ್ಟಡ ಆ ಕಥೆಗೆ ಕಾರಣ ಒದಗಿಸುತ್ತದೆ. ಉದ್ದನೆಯ ಕಟ್ಟೆ ಚರ್ಚಿನ ಬಲಿಪೀಠದಂತಿದೆ. ಗೂಡುಗಳು ಪಾಪನಿವೇದನೆಯ ಮರದ ಗೂಡುಗಳನ್ನು ನೆನಪಿಸುತ್ತವೆ. ಹಳೆಯ ಚರ್ಚುಗಳಲ್ಲಿ ಅನುಕೂಲಸ್ಥ ಕುಟುಂಬಗಳು ಬಾಡಿಗೆ ಕೊಟ್ಟು ಹಿಡಿದುಕೊಳ್ಳುತ್ತಿದ್ದ, ಬಾಗಿಲಿರುವ ಬೆಂಚುಪೆಟ್ಟಿಗೆಗಳನ್ನೂ ನೆನಪಿಸುತ್ತವೆ.

ಹೀಗೆ ದೇವರ ಮನೆಯ ರೂಪಗಳು ಮದ್ಯದ ಮನೆಗೆ ಬಂದದ್ದನ್ನು ಕಂಡು ಸಿಟ್ಟಾದವರಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ಮುಖ್ಯ. ವೆನಿಸ್ ನಗರದ ವಾಸ್ತುಶಿಲ್ಪವನ್ನು ಇಂಗ್ಲಿಷರಿಗೆ ಕಲಿಸಿದವನೇ ಅವನು. 1872ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದು, ತನ್ನ ಮನೆಯ ಸುತ್ತಮುತ್ತಲಿನ ಮದ್ಯದಂಗಡಿಗಳೆಲ್ಲ ವೆನಿಸಿನ ಚರ್ಚುಗಳಿಂದ ನಕಲು ಮಾಡಿದ ಕಂಬದ ಬೋದಿಗೆಗಳ ಕೆಳಗೆ ಜಿನ್ ಮಾರುತ್ತಿವೆ, ಇದು ತನ್ನ ಬರಹದ ಫಲ ಎಂದು ಹಳಹಳಿಸಿದ. ವಿಮರ್ಶಕನೊಬ್ಬನಿಗೆ ಇದಕ್ಕಿಂತ ಕಹಿಯಾದ ಯಶಸ್ಸು ಬೇರೆ ಇಲ್ಲ.

ರಸ್ಕಿನ್‌ನ ನೋವು ಅರ್ಥವಾಗುತ್ತದೆ. ಆದರೆ ಅವನ ವಾದವನ್ನು ಪೂರ್ತಿ ಒಪ್ಪಲಾರೆ. ಚರ್ಚಿನ ಬೆಂಚಿಗೆ ಬಾಡಿಗೆ ಕೊಡಲಾಗದೆ ಹಿಂದೆ ನಿಲ್ಲುತ್ತಿದ್ದ ಹಡಗುಕಟ್ಟೆಯ ಕೂಲಿಗೆ ಚಿತ್ರದ ಗಾಜು, ಕೆತ್ತಿದ ಕಂಬ ಕೈಗೆಟುಕುವಷ್ಟು ಹತ್ತಿರ ಸಿಕ್ಕಿದ್ದು ಇಲ್ಲಿ. ಕಲೆಯನ್ನು ಅವನ ಬಳಿಗೆ ತಂದದ್ದು ಧರ್ಮವೂ ಅಲ್ಲ, ಸರಕಾರವೂ ಅಲ್ಲ, ಮದ್ಯದ ವ್ಯಾಪಾರಿ. ಅದಕ್ಕಾಗಿ ವ್ಯಾಪಾರಿಯನ್ನು ಹೊಗಳಬೇಕಾಗಿಲ್ಲ. ನಾಚಬೇಕಾದವರು ಉಳಿದವರು.

ಕಂಬಗಳ ಮೇಲೆ ಮರದ ಸಿಂಹಗಳು, ಹದ್ದಿನ ಮುಖದ ಮೃಗಗಳು ಗುರಾಣಿ ಹಿಡಿದು ಕೂತಿವೆ. ಗುರಾಣಿಯ ಮೇಲೆ ಲ್ಯಾಟಿನ್ ನುಡಿಗಳು. ಒಂದರ ಅರ್ಥ, ಧೈರ್ಯವಂತರಿಗೆ ಅದೃಷ್ಟ ಒಲಿಯುತ್ತದೆ ಎಂದು. ಇನ್ನೊಂದು ದೇಶಪ್ರೇಮದ ಮಾತು. ಯಾವ ದೇಶ ಎಂಬುದನ್ನು ಮಾತ್ರ ಬರೆದಿಲ್ಲ. ಬ್ರಿಟನ್ನಿನ ಜೊತೆಗಿರಬೇಕು ಎನ್ನುವವರೂ ಐರ್ಲೆಂಡ್ ಬೇರೆಯಾಗಬೇಕು ಎನ್ನುವವರೂ ಒಟ್ಟಿಗಿದ್ದ ಊರಿನಲ್ಲಿ ಅದನ್ನು ಬರೆಯದಿರುವುದೇ ವ್ಯಾಪಾರಕ್ಕೆ ಒಳ್ಳೆಯದು. ಬಾಗಿಲಲ್ಲಿ ನೆಲದ ಮೇಲೆ ಮೊಸಾಯಿಕ್‌ನಲ್ಲಿ ಒಂದು ಕಿರೀಟವಿದೆ. ಅದಕ್ಕೂ ಒಂದು ಕಥೆ. ಫ್ಲಾನಗನ್‌ನ ಹೆಂಡತಿ ಬ್ರಿಟಿಷ್ ರಾಣಿಯ ಅಭಿಮಾನಿ, ಕಿರೀಟದ ಹೆಸರೇ ಬೇಕೆಂದು ಹಟ ಹಿಡಿದಳಂತೆ. ಗಂಡ ಐರಿಷ್ ರಾಷ್ಟ್ರವಾದಿ. ಹೆಸರಿಗೆ ಒಪ್ಪಿದ, ಆದರೆ ಕಿರೀಟವನ್ನು ಎಲ್ಲರೂ ತುಳಿದುಕೊಂಡು ಬರಲಿ ಎಂದು ನೆಲದಲ್ಲಿ ಹಾಕಿಸಿದನಂತೆ. ನಿಜವೋ ಸುಳ್ಳೋ, ಈ ಕಥೆಯೂ ಕಟ್ಟಡದ ಸ್ವಭಾವಕ್ಕೆ ಸರಿಹೊಂದುತ್ತದೆ. ಇಲ್ಲಿ ಪ್ರತಿಯೊಂದೂ ಹೇಳುವುದನ್ನು ಹೇಳುತ್ತಲೇ ಮರೆಸುತ್ತದೆ.

*

ಇನ್ನು ಅಡ್ಡಗೋಡೆಗಳು ಬಿದ್ದ ಕಥೆ. ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಹೆಚ್ಚಿನ ಮದ್ಯದ ಮನೆಗಳಲ್ಲಿ ಈ ವಿಭಾಗಗಳನ್ನು ಕಿತ್ತುಹಾಕಿದರು. ಇದನ್ನು ಸಾಮಾನ್ಯವಾಗಿ ಸಮಾನತೆಯ ವಿಜಯ ಎಂದು ವರ್ಣಿಸುತ್ತಾರೆ. ಸಾಹೇಬ, ಗುಮಾಸ್ತ, ಕೂಲಿ ಎಲ್ಲ ಒಂದೇ ಹಜಾರದಲ್ಲಿ! ಇದರಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಮೊದಲು ಅಡ್ಡಗೋಡೆ ಬೇಡ ಎಂದವರು ಸಮಾನತೆಯವರಲ್ಲ, ಪರವಾನಗಿ ಕೊಡುವ ಮ್ಯಾಜಿಸ್ಟ್ರೇಟರು. ಗೂಡಿನೊಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ, ಕಟ್ಟೆಯ ಹಿಂದೆ ನಿಂತವನಿಗೆ ಇಡೀ ಕೋಣೆ ಕಾಣಬೇಕು ಎಂಬುದು ಅವರ ಚಿಂತೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಮದ್ದುಗುಂಡು ಕಾರ್ಖಾನೆಯ ಕೆಲಸಗಾರರ ಕುಡಿತ ಹತೋಟಿಗೆ ತರಲು ಸರಕಾರವೇ ಕಾರ್ಲೈಲ್ ಪ್ರದೇಶದ ಮದ್ಯದ ಮನೆಗಳನ್ನು ವಶಕ್ಕೆ ತೆಗೆದುಕೊಂಡಿತು. 1973ರವರೆಗೆ ನಡೆದ ಆ ಯೋಜನೆಯಲ್ಲಿ ಗೂಡುಗಳು ಹೋಗಿ ತೆರೆದ ಹಜಾರಗಳು ಬಂದವು. ತೆರೆದ ಹಜಾರ ಎಂದರೆ ಕಾವಲು ಸುಲಭವಾದ ಹಜಾರ.

ಹೀಗೆ ನೋಡಿದರೆ ಎರಡು ಕಡೆಯೂ ತೊಡಕು. ಅಡ್ಡಗೋಡೆ ಜನರನ್ನು ಮೇಲುಕೀಳಾಗಿ ಒಡೆಯಿತು, ಜೊತೆಗೆ ದುರ್ಬಲರಿಗೆ ಮರೆ ಕೊಟ್ಟಿತು. ತೆರೆದ ಹಜಾರ ಎಲ್ಲರನ್ನೂ ಸೇರಿಸಿತು, ಜೊತೆಗೆ ಎಲ್ಲರನ್ನೂ ಕಣ್ಣಿನ ಕೆಳಗೆ ತಂದಿತು. ಊರಿನ ಕಣ್ಣು ಬದಲಾಗದೆ ಗೋಡೆ ಮಾತ್ರ ಕೆಡವಿದರೆ ಹೆಂಗಸಿಗೆ ಸಿಗುವುದು ಸಮಾನತೆಯಲ್ಲ. ಇದ್ದ ರಿಯಾಯಿತಿಯೂ ಹೋಗುತ್ತದೆ, ಅಷ್ಟೆ. ಬ್ರಿಟನ್ನಿನಲ್ಲಿ ಕಟ್ಟೆಯ ಬಳಿ ಬಂದ ಹೆಂಗಸಿಗೆ ಮದ್ಯ ನಿರಾಕರಿಸುವುದು ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿದ್ದು 1982ರಲ್ಲಿ. ಗೋಡೆಗಳು ಬಿದ್ದು ಎಷ್ಟೋ ವರ್ಷಗಳಾದ ಮೇಲೆ.

ಗೂಡಿನ ಒಳಗಿನ ನಿಜ ತಿಳಿಯಲು ಒಂದು ಸಿನಿಮಾ ಸಹಾಯ ಮಾಡುತ್ತದೆ. ಕ್ಯಾರಲ್ ರೀಡ್ 1947ರಲ್ಲಿ ನಿರ್ದೇಶಿಸಿದ 'ಆಡ್ ಮ್ಯಾನ್ ಔಟ್'ನಲ್ಲಿ ಜೇಮ್ಸ್ ಮೇಸನ್ ಗುಂಡೇಟು ತಿಂದು ಪೊಲೀಸರಿಂದ ತಪ್ಪಿಸಿಕೊಳ್ಳುವ ಹೋರಾಟಗಾರ. ಊರೆಲ್ಲ ಅಲೆದು ಒಂದು ಮದ್ಯದ ಮನೆಗೆ ಬರುತ್ತಾನೆ. ಸ್ಟುಡಿಯೋದಲ್ಲಿ ಹಾಕಿದ ಆ ಸೆಟ್‌ಗೆ ಮಾದರಿ ಕ್ರೌನ್. ಅಂಗಡಿಯವನು ಅವನನ್ನು ಒಂದು ಗೂಡಿನಲ್ಲಿ ಕೂರಿಸಿ ಬಾಗಿಲು ಹಾಕುತ್ತಾನೆ. ಕರುಣೆಯಿಂದಲ್ಲ, ಗಲಾಟೆಯಾದರೆ ವ್ಯಾಪಾರ ಕೆಡುತ್ತದೆ ಎಂದು. ಹೊರಗೆ ಗದ್ದಲ, ಒಳಗೆ ರಕ್ತ ಸೋರುತ್ತಿರುವ ಮನುಷ್ಯ, ನಡುವೆ ಒಂದು ಅಂಗುಲದ ಮರ. ಅಡಗಲು ಜಾಗ ಕೊಡುವುದಕ್ಕೂ ಆಸರೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಆ ದೃಶ್ಯ ಹೇಳುವಷ್ಟು ಸ್ಪಷ್ಟವಾಗಿ ಯಾವ ವಾಸ್ತುಶಿಲ್ಪದ ಪುಸ್ತಕವೂ ಹೇಳಿಲ್ಲ.

*

ಸಿನಿಮಾದ ಗುಂಡು ಮುಂದೆ ಬೀದಿಯಲ್ಲಿ ನಿಜವಾಯಿತು. ಹಳೆಯ ನಿಲ್ದಾಣದ ಜಾಗದಲ್ಲಿ, ಕ್ರೌನ್‌ನ ಎದುರಿಗೇ, 1971ರಲ್ಲಿ ಯೂರೋಪಾ ಹೋಟೆಲ್ ಶುರುವಾಯಿತು. ಉತ್ತರ ಐರ್ಲೆಂಡಿನ ಘರ್ಷಣೆಯ ವರ್ಷಗಳಲ್ಲಿ ಆ ಹೋಟೆಲಿನ ಮೇಲೆ ಮೂವತ್ತಕ್ಕೂ ಹೆಚ್ಚು ಬಾರಿ ಬಾಂಬ್ ದಾಳಿಗಳಾದವು. ಎದುರಿನ ಕ್ರೌನ್‌ನ ಗಾಜುಗಳೂ ಒಡೆದವು. ಇಂಥ ದಿನಗಳ ನಡುವೆಯೇ, 1978ರಲ್ಲಿ, ಕವಿ ಜಾನ್ ಬೆಟ್ಜೆಮನ್ ಮೊದಲಾದವರ ಒತ್ತಾಯದಿಂದ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ಕ್ರೌನ್ ಅನ್ನು ಕೊಂಡುಕೊಂಡಿತು. 1981ರಲ್ಲಿ 4 ಲಕ್ಷ ಪೌಂಡ್, 2007ರಲ್ಲಿ 5 ಲಕ್ಷ ಪೌಂಡ್ ಖರ್ಚು ಮಾಡಿ ದುರಸ್ತಿ ಮಾಡಿಸಿದರು. ಮನುಷ್ಯರು ಸಾಯುತ್ತಿರುವಾಗ ಮದ್ಯದಂಗಡಿಯ ಗಾಜಿಗೆ ಇಷ್ಟು ಹಣವೇ ಎಂದು ಕೇಳುವವರು ಇರುತ್ತಾರೆ. ಒಡೆದ ಗಾಜನ್ನು ಮೊದಲಿನಂತೆಯೇ ಮತ್ತೆ ಹಾಕಿಸುವುದು ಊರು ಇನ್ನೂ ಬದುಕಿದೆ ಎನ್ನುವ ಒಂದು ಬಗೆ ಎಂದು ನನಗೆ ತೋರುತ್ತದೆ. ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ಉಳಿಸಿದ ಮೇಲೆ ನಾವು ಅದನ್ನು ನೋಡುವ ರೀತಿಗೆ. ನಾವು ಕೂತ ಗೂಡಿನ ಬಾಗಿಲನ್ನು ಆ ಒಂದೂವರೆ ಗಂಟೆಯಲ್ಲಿ ಐದಾರು ಬಾರಿ ಯಾರೋ ತೆರೆದರು. 'ಕ್ಷಮಿಸಿ' ಎಂದು ನಕ್ಕು, ಒಂದು ಫೋಟೋ ತೆಗೆದುಕೊಂಡು ಹೋದರು. ತಪ್ಪು ಅವರದ್ದಲ್ಲ, ನಾನೂ ಅದಕ್ಕೇ ಬಂದವನು. ನೋಟವನ್ನು ತಡೆಯಲೆಂದು ಮಾಡಿದ ಗಾಜನ್ನು ಈಗ ನೋಡಲೆಂದೇ ಜನ ಬರುತ್ತಾರೆ. ಲಂಡನ್ನಿನ ಪ್ರಿನ್ಸೆಸ್ ಲೂಯಿಸ್‌ನಲ್ಲಂತೂ ಹಿಂದೆ ಕಿತ್ತುಹಾಕಿದ್ದ ಅಡ್ಡಗೋಡೆಗಳನ್ನು 2008ರ ಹೊತ್ತಿಗೆ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ್ದಾರೆ. ಕೆಲಸ ಅಚ್ಚುಕಟ್ಟಾಗಿದೆ ಎಂದು ಬಲ್ಲವರು ಮೆಚ್ಚಿದ್ದಾರೆ. ಈಗ ಯಾರೂ ಯಾರಿಂದಲೂ ಅಡಗಬೇಕಾಗಿಲ್ಲದ್ದರಿಂದ ಆ ಗೋಡೆಗಳು ಎಲ್ಲರಿಗೂ ಪ್ರಿಯವಾಗಿವೆ. ಅವಮಾನ ತೀರಿದ ಮೇಲೆ ಅದರ ಪೆಟ್ಟಿಗೆ ಅಲಂಕಾರದ ವಸ್ತುವಾಗುತ್ತದೆ.

ಇದನ್ನು ಕೆಡವಿ ಎಂದು ನಾನು ಹೇಳುತ್ತಿಲ್ಲ. ಉಳಿಸಬೇಕು, ಖಂಡಿತ ಉಳಿಸಬೇಕು. ಆದರೆ ಟೈಲ್ಸ್ ಮಾಡಿದ ಕಂಪನಿಯ ಹೆಸರು ಬರೆದ ಕಡೆ, ಈ ಬಾಗಿಲು ಯಾರಿಗೆ ಯಾಕೆ ಬೇಕಾಗಿತ್ತು ಎಂಬುದನ್ನೂ ಬರೆಯಬೇಕು. ಕೆತ್ತಿದ ಕೈಯನ್ನು ನೆನೆಯುವಾಗ, ಅದರ ಹಿಂದೆ ತಲೆ ತಗ್ಗಿಸಿ ಕೂತವರನ್ನೂ, ಆ ಕೆತ್ತನೆಗೆ ಕೂಲಿಯ ಕಾಸಿನಿಂದ ಬೆಲೆ ತೆತ್ತವರನ್ನೂ ನೆನೆಯಬೇಕು. ಇಲ್ಲದಿದ್ದರೆ ಅದು ಚಿಲಮನ್ ಮೇಲಿನ ಶೇರ್ ಆಗುತ್ತದೆ, ಚಿಲಮನ್ ಹಿಂದಿನವಳ ಮಾತಾಗುವುದಿಲ್ಲ.

ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತು ನೆಲ ತೋರಿಸಿದ. ಬರುವಾಗ ನಾನು ಆ ಕಿರೀಟದ ಮೇಲೆಯೇ ಕಾಲಿಟ್ಟು ಬಂದಿದ್ದೆ, ಕಂಡಿರಲಿಲ್ಲ. ರಸ್ತೆ ದಾಟಿ ತಿರುಗಿ ನೋಡಿದೆ. ಬಣ್ಣದ ಗಾಜಿನ ಆಚೆ ಯಾರದೋ ನೆರಳು ಸರಿಯಿತು. ಗಂಡೋ ಹೆಣ್ಣೋ ತಿಳಿಯಲಿಲ್ಲ.